ಕೊನೆಯ ಗೆರೆಯ ಕೆಳಗೆ

ಹಾಲಿನ ಸೊಸೈಟಿಯ ಒಳಕೋಣೆ. ತೆರ್ಸೇರಾ ದ್ವೀಪ.
ಕಿಟಕಿಯಾಚೆ ಕರಿಗಲ್ಲ ಗೋಡೆ, ಗೋಡೆಯಾಚೆ ಹಸು,
ಹಸುವಿನಾಚೆ ಮಂಜು. ಮಂಜಿನಾಚೆ ಕಡಲಿರಬೇಕು,
ಸದ್ದು ಮಾತ್ರ ಬರುತ್ತದೆ.

ಇಪ್ಪತ್ತಾರು ವರ್ಷ ಬೆಲರ್ಮೀನೊ
ಇದೇ ಕಪ್ಪು ಪರದೆಯ ಮುಂದೆ ಕೂತಿದ್ದಾನೆ.
ಪರದೆ ಏನನ್ನೂ ಹೇಳುವುದಿಲ್ಲ. ಮಿಣುಕುತ್ತದೆ, ಅಷ್ಟೆ.
ಹೇಳಬೇಕಾದ್ದೆಲ್ಲ ಅವನ ಬೆರಳಿಗೆ ಗೊತ್ತು:
ಹಾಲು ಬರೆದುಕೊಳ್ಳಲು ಒಂದಕ್ಷರ, ಕೊಬ್ಬಿನಂಶಕ್ಕೆ ಎರಡು,
ತಿಂಗಳ ಬಟವಾಡೆಗೆ ಮೂರು ಕೀಲಿ ಒಟ್ಟಿಗೆ,
ಹೆಬ್ಬೆರಳು ತುಸು ಚಾಚಿ,
ಅಕಾರ್ಡಿಯನ್ ನುಡಿಸುವವರ ಹಾಗೆ.

ಬರುವ ಮಾರ್ಚಿಗೆ ನಿವೃತ್ತಿ.
ಅದಕ್ಕೇ ಹೆಡ್ಡಾಫೀಸು ಇಯೊಲಾಂದಾಳನ್ನು ಕಳಿಸಿದೆ:
"ಒಂದು ಮೆನು ಹಾಕಿ ಬಾ,
ಯಾರು ಬೇಕಾದರೂ ಕೂತು ನಡೆಸುವಂತಿರಲಿ."

ಮೆನು ಹಾಕುವುದೇನು ಮಹಾ!
ನೆತ್ತಿಗೊಂದು ಪಟ್ಟಿ, ಪಟ್ಟಿಯಿಂದ ಇಳಿಬಿದ್ದ ಸಾಲುಗಳು.
ಹಾಗಂದುಕೊಂಡೇ ಬಂದಿದ್ದಳು.
ಮೊದಲ ದಿನ ಇಪ್ಪತ್ತೊಂದು ಹೆಸರು ಬರೆದಳು,
ಮಾರನೆಯ ದಿನ ಒಂಬತ್ತನ್ನು ಹೊಡೆದು ಹಾಕಿದಳು.
ಮೂರನೆಯ ದಿನವಿಡೀ
'ಅಳಿಸು' ಎಲ್ಲಿರಬೇಕು ಎಂಬ ಜಗಳ.
"'ಉಳಿಸು' ಪಕ್ಕ ಮಾತ್ರ ಬೇಡ ಮಗಳೇ,
ಬೆಳಗಿನ ಐದಕ್ಕೆ, ಕನ್ನಡಕವಿಲ್ಲದ ಕಣ್ಣಿಗೆ
ಎರಡೂ ಒಂದೇ."

ಹಾಲು ಬರುವ ಮುನ್ನ 'ಬಟವಾಡೆ' ಬೂದಿಬಣ್ಣದಲ್ಲಿರುತ್ತದೆ:
ಇದೆ, ಆದರೆ ಈಗಲ್ಲ.
ಹೆಸರಿನ ಮುಂದೆ ಮೂರು ಚುಕ್ಕಿಯಿದ್ದರೆ
ಒತ್ತಿದ ಮೇಲೂ ಇನ್ನೊಂದು ಪ್ರಶ್ನೆ ಬಾಕಿಯಿದೆ ಎಂದರ್ಥ.
ಚುಕ್ಕಿಗಳು ಬೆಲರ್ಮೀನೊಗೆ ಹಿಡಿಸಿದವು.
"ನಮ್ಮ ಪಾದ್ರಿಯ ಮಾತಿಗೂ ಇವನ್ನು ಅಂಟಿಸಬೇಕು" ಎಂದ.

ಐದನೆಯ ದಿನ, ಕೋಡಿನ ತಳದಲ್ಲಿ,
ಯಾವ ಕೈಪಿಡಿಯಲ್ಲೂ ಇಲ್ಲದ್ದೊಂದು ಸಿಕ್ಕಿತು.
ಎರಡು ಕೀಲಿ. ಒತ್ತಿದರೆ,
ಒಪ್ಪಿದಷ್ಟು ಹಾಲು ಹಾಕದವರಿಗೆ ಬೀಳುವ ದಂಡ
ಮೂವತ್ತು ದಿನ ನಿಂತುಬಿಡುತ್ತದೆ.
ವರದಿಯಲ್ಲಿ ಸುಳಿವಿಲ್ಲ.

ಬೆಲರ್ಮೀನೊ ಕಿಟಕಿಯತ್ತ ತಿರುಗಿದ.
"ಒಂದು ಚಳಿಗಾಲ ಎದುವಿಜೆಸ್‌ಳ ಹದಿನಾಲ್ಕು ಹಸುವಿಗೂ ಕೆಚ್ಚಲು ಬಾವು.
ನಿನಗಿಂತ ಮುಂಚೆ ಒಬ್ಬ ಬರುತ್ತಿದ್ದ,
ಅವನಿಗೊಂದು ಇಡೀ ಚೀಸು ಕೊಟ್ಟೆ. ಬರೆದುಕೊಟ್ಟ."
"ಆಮೇಲೆ ಎಷ್ಟು ಸಲ ಒತ್ತಿದ್ದೀರಿ?"
"ಲೆಕ್ಕ ಇಡಬಾರದೆಂದೇ ಅಲ್ಲವೇ ಆ ಕೀಲಿ."

"ಮೆನುವಿನಲ್ಲೇ ಹಾಕೋಣ. 'ಕಾಯು' ಅಂತ."
ಒಂದೇ ಮಾತಿಗೆ ಎರಡರ್ಥ; ಎರಡೂ ಸರಿ.
"ಬೇಡ" ಎಂದ ಮುದುಕ.
"ಹೆಸರಿಟ್ಟರೆ ಹೆಸರಿಡುವವರು ಬರುತ್ತಾರೆ."

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ.
ಕಾಣದ್ದು ಇಲ್ಲದ್ದಕ್ಕೆ ಸಮ:
ಓದಿದ್ದು ಇದನ್ನೇ, ಹುಡುಗರಿಗೆ ಹೇಳಿಕೊಟ್ಟದ್ದೂ ಇದನ್ನೇ.
ಕತ್ತಲಲ್ಲಿಟ್ಟ ದಯೆ ಯಾರದೋ ಜೇಬಿನ ದಯೆ.
ತನಗಾಗದವರಿಗೂ ಒತ್ತಿದ್ದನೇ ಅವನು?
ಕೇಳಲಿಲ್ಲ.
ಬೆಳಕಿಗಿಟ್ಟರೋ, ಹೆಡ್ಡಾಫೀಸಿನವರು
ಮೊದಲ ಸೋಮವಾರವೇ ಅದನ್ನು ಬೂದಿ ಮಾಡುತ್ತಾರೆ,
ಬಣ್ಣದಲ್ಲಿ ಮಾತ್ರವಲ್ಲ.

ಮೆನು ಬಂತು. ಚೆನ್ನಾಗಿದೆ ಎಂದರು.
'ಖಾತೆ'ಯನ್ನು ಇಳಿಸಿದರೆ ಐದು ಸಾಲು,
ಐದರ ಕೆಳಗೆ ಒಂದು ತೆಳು ಗೆರೆ,
ಗೆರೆಯ ಕೆಳಗೆ ಏನೂ ಇಲ್ಲ.
ಪರೀಕ್ಷೆ ಮಾಡಿದವನು ಬರೆದ: 'ಕೊನೆಯಲ್ಲೊಂದು ಗೆರೆ
ಸುಮ್ಮನೆ ಉಳಿದಿದೆ, ತೆಗೆಯಿರಿ.'
'ಗೊತ್ತಿದೆ' ಎಂದು ಬರೆದು ಮುಚ್ಚಿದಳು.

ಮಾರ್ಚಿನಲ್ಲಿ ಆ ಕುರ್ಚಿಗೆ ಗ್ರಾಸಿಯೆತೆ ಬಂದಳು,
ಮೊಣಕೈಯಲ್ಲಿ ಇನ್ನೂ ಹುಲ್ಲಿನ ತರಚು.
ಬೆಲರ್ಮೀನೊ ಒಂದೊಂದೇ ಸಾಲು ತೋರಿಸುತ್ತಾ ಬಂದ:
ಇದು ಹೊಸ ಖಾತೆ, ಇದು ಹಳೆಯದು, ಇದನ್ನು ಮುಟ್ಟಬೇಡ.
ಗೆರೆಯ ಹತ್ತಿರ ಬಂದವನು ನಿಂತ.
ಹೊರಗೆ ಯಾರದೋ ಟ್ರಾಕ್ಟರು ಬಂದು ಆಫಾಯಿತು.
ಏನೂ ಹೇಳದೆ
ಎರಡು ಬೆರಳನ್ನು ಕೀಲಿಗಳ ಮೇಲೆ,
ಒತ್ತದೆ, ಸುಮ್ಮನೆ ಇಟ್ಟ.

ಗ್ರಾಸಿಯೆತೆ ಪರದೆ ಬಿಟ್ಟು
ಅವನ ಕೈ ನೋಡಿದಳು.